ಲೆನ್ಸಿಗೆ ಜೋಡಿ ಕಟ್ಟಿದ್ದು

ನಮ್ಮ ಮುತ್ತಜ್ಜ ಅಂದಾನೆಪ್ಪ ಮಲಪ್ರಭೆಯ ಈ ದಂಡೆಯಲ್ಲಿ ನಿಂತು, ಆ ದಂಡೆಯಲ್ಲಿ ನೀರು ಕುಡಿಯುತ್ತಿದ್ದ ಎತ್ತಿಗೆ ಎಷ್ಟು ಹಲ್ಲು ಬಂದಿವೆ ಎಂದು ಹೇಳುತ್ತಿದ್ದರು. ಆಳು ಈಜಿಕೊಂಡು ಹೋಗಿ ಎಣಿಸಿ ಬಂದರೆ ಒಂದು ಹಲ್ಲಿನ ಹೆಚ್ಚುಕಡಿಮೆಯೂ ಇರುತ್ತಿರಲಿಲ್ಲವಂತೆ. ಅಜ್ಜ ಹಣಮಂತಪ್ಪ ಕಣ್ಣಿಗೆ ಪಟಗ ಕಟ್ಟಿಸಿಕೊಂಡು, ಬರೀ ಗೊರಸಿನ ಸಪ್ಪಳ ಕೇಳಿ, "ಇದು ಬರೋ ವರ್ಷ ಹಿಂದಿನ ಎಡಗಾಲು ಕುಂಟತೈತಿ" ಎನ್ನುತ್ತಿದ್ದರು. ಬರುವ ವರ್ಷ ಅದು ಕುಂಟುತ್ತಿತ್ತು. ಅಜ್ಜ ಹೇಳಿದ ಮೇಲೆ ಪಾಪ, ಆ ಎತ್ತಿಗಾದರೂ ಬೇರೆ ದಾರಿ ಎಲ್ಲಿತ್ತು? ಇನ್ನು ನಮ್ಮಪ್ಪ ಬಸವಲಿಂಗಪ್ಪ. ಅರವತ್ತು ಎತ್ತು ನಿಂತ ಸಂತೆಯಲ್ಲಿ ಒಂದು ಸುತ್ತು ಹಾಕಿ, ಎರಡನ್ನು ಎಳೆದು ತಂದು ಅಕ್ಕಪಕ್ಕ ನಿಲ್ಲಿಸಿದರೆಂದರೆ, ಯಾವುದು ತನ್ನದು ಎಂದು ಅವುಗಳ ಒಡೆಯರೇ ತಲೆ ಕೆರೆದುಕೊಳ್ಳುತ್ತಿದ್ದರು. ಬಣ್ಣ, ಎತ್ತರ, ಕೊಂಬಿನ ಬಾಗು, ಬಾಲದ ಕುಚ್ಚು, ಎಲ್ಲವೂ ತದ್ರೂಪ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆ ನಮಗೆ 'ಜೋಡಿಯವರ ಮನೆತನ' ಎಂದೇ ಹೆಸರು. ಒಂಟಿ ಎತ್ತು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ.

ಇಂಥ ವಂಶದಲ್ಲಿ ಹುಟ್ಟಿದ ವೀರಪ್ಪ ನಾನು. ವಯಸ್ಸು ಎಪ್ಪತ್ತೆರಡು. ನಾಲ್ಕನೆಯ ಇಯತ್ತೆಗೆ ಸಾಲೆ ನನ್ನನ್ನು ಬಿಟ್ಟಿತು, ಆದರೆ ನಾನು ಕಲಿಯುವುದನ್ನು ಬಿಡಲಿಲ್ಲ. ಬೆಲ್ಲ ಕಟ್ಟಿಕೊಟ್ಟ ಹಳೆಯ ಪತ್ರಿಕೆಗಳನ್ನು ಓದಿ ಓದಿಯೇ ಜಗತ್ತನ್ನು ತಿಳಿದುಕೊಂಡವನು. ಪಂಪ್‌ಸೆಟ್ಟು, ರೇಡಿಯೊ, ಹೊಲಿಗೆ ಯಂತ್ರ, ಗೋಡೆ ಗಡಿಯಾರ, ಇವನ್ನೆಲ್ಲ ಯಾರ ಸಹಾಯವೂ ಇಲ್ಲದೆ ಬಿಚ್ಚಿದ್ದೇನೆ. ಹೆಚ್ಚಿನವು ಮತ್ತೆ ಕೂಡಿಯೂ ಇವೆ. ಆದ್ದರಿಂದ ಮೊನ್ನೆ ಕ್ಯಾಮೆರಾ ಮನೆಗೆ ಬಂದ ದಿನ ನಾನು ಮೀಸೆ ತಿರುವಿ ಸಾರಿಯೇ ಬಿಟ್ಟೆ: ಇದಕ್ಕೆ ಬೇಕಾದ ಲೆನ್ಸನ್ನು ಸ್ವತಃ ನಾನೇ ಆರಿಸುತ್ತೇನೆ, ಯಾರೂ ಬುದ್ಧಿ ಹೇಳಬಾರದು.

ಕ್ಯಾಮೆರಾ ಬಂದದ್ದು ಮಗಳು ಮಾಲಾಳಿಂದ. ಧಾರವಾಡದಲ್ಲಿ ಮಾಸ್ತರಿಕೆ ಮಾಡುತ್ತಾಳೆ. ತನಗೆ ಹೊಸದು ಕೊಂಡು, ಹಳೆಯದನ್ನು ನನಗೆ ತಂದುಕೊಟ್ಟಳು. ಅದರ ಲೆನ್ಸಿಗೆ ಬೂಸು ಹಿಡಿದಿತ್ತಂತೆ. ಹಾಗಾಗಿ ಬರೀ ಕ್ಯಾಮೆರಾದ ಮೈ ಬಂತು. ಮುಂದೆ ಒಂದು ದುಂಡನೆಯ ತೂತು.

"ಮಿರರ್‌ಲೆಸ್ ಅಂತಾರ ಅಪ್ಪಾ ಇದಕ್ಕ. ಒಳಗ ಕನ್ನಡಿ ಇರಂಗಿಲ್ಲ" ಎಂದಳು ಮಾಲಾ.

"ಕನ್ನಡಿ ಇಲ್ಲದ್ದು ಚೊಲೊ ಆತು ಬಿಡು" ಎಂದಳು ನನ್ನ ಹೆಂಡತಿ ಗುರುಬಸವ್ವ, ಕಾಳು ಆರಿಸುತ್ತಲೇ. "ಇದ್ದಿದ್ರ ಇಡೀ ದಿನ ಅದರ ಮುಂದನ ಕುಂಡ್ರತಿದ್ರು."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಲಾ ಹೋಗುವಾಗ ಒಂದು ಮಾತು ಹೇಳಿ ಹೋದಳು. "ಲೆನ್ಸು ನೀವ ತಗೋರಿ ಅಪ್ಪಾ. ಆದ್ರ ರೇಣುನ್ನ ಒಂದ ಮಾತು ಕೇಳಿ ತಗೋರಿ."

ರೇಣು ಎಂದರೆ ನಮ್ಮೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಫೋಟೊ ಸ್ಟುಡಿಯೊ ಇಟ್ಟ ಹುಡುಗಿ. ಅವರಪ್ಪ ಲಗಮಣ್ಣ ಅರ್ಧ ಊರಿನ ಮದುವೆ ಫೋಟೊ ತೆಗೆದವನು. ಉಳಿದರ್ಧ ಊರಿನದನ್ನು ಈಗ ಮಗಳು ತೆಗೆಯುತ್ತಿದ್ದಾಳೆ. ಮದುವೆಗೆ ಮುಂಚೆಯೇ ಹುಡುಗ ಹುಡುಗಿಯನ್ನು ತೊರಗಲ್ ಕೋಟೆ ಹತ್ತಿಸಿ, ದೇಗಾಂವದ ಗುಡಿಯ ಕಂಬಕ್ಕೆ ಆನಿಸಿ ನಿಲ್ಲಿಸಿ, ಏನೇನೋ ಮಾಡಿಸಿ ಫೋಟೊ ತೆಗೆಯುತ್ತಾಳೆ. ಹೋದೆ. ಕೇಳಲಿಕ್ಕಲ್ಲ, ನೋಡಲಿಕ್ಕೆ.

"ಬರ್ರಿ ಅಜ್ಜಾರ, ಕುಂಡ್ರಿ. ಎಂಥಾ ಫೋಟೊ ತಗೀಬೇಕಂತೀರಿ ಮೊದಲ ಹೇಳ್ರಿ. ಮನಿಯೊಳಗಿಂದೋ, ಹೊರಗಿಂದೋ?"

"ಎಲ್ಲಾ."

"ಹಂಗಾರ ಎರಡು ಬೇಕಾಗತಾವರಿ" ಎಂದು ಅವಳು ಎರಡು ಲೆನ್ಸು ತಂದು ಮೇಜಿನ ಮೇಲೆ ಇಟ್ಟಳು. "ಈ ಸಣ್ಣದು ಹದಿನಾರು ಎಂ.ಎಂ. ಮನಿಯೊಳಗ ಎಷ್ಟ ಮಂದಿ ಇದ್ರೂ ಹಿಡೀತೈತಿ. ಇದು ಎಂಬತ್ತೈದು. ಒಬ್ಬರದ ಮುಖ ತಗೀಲಿಕ್ಕೆ ಚೊಲೊ."

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನೋಡುತ್ತಿದ್ದಂತೆ ನನ್ನ ಮುತ್ತಜ್ಜ, ಅಜ್ಜ, ಅಪ್ಪ, ಮೂವರೂ ಒಟ್ಟಿಗೆ ಸ್ವರ್ಗದಲ್ಲಿ ಹಣೆ ಚಚ್ಚಿಕೊಂಡರು. ಒಂದು ಖಿಲಾರಿ ತಳಿಯ ಹೋರಿಯ ಹಾಗೆ ಮೈತುಂಬಿಕೊಂಡು ನಿಂತಿದೆ. ಇನ್ನೊಂದು ತಂಬಾಕಿನ ಡಬ್ಬಿಯಂತೆ ನೆಲಕ್ಕೆ ಹತ್ತಿಕೊಂಡು ಕೂತಿದೆ. ಕ್ಯಾಮೆರಾದ ಮೈಯೆಂದರೆ ಏನು? ಬಂಡಿ. ಲೆನ್ಸೆಂದರೆ ಏನು? ಅದನ್ನು ಎಳೆಯುವ ಎತ್ತು. ಒಂದೇ ನೊಗಕ್ಕೆ ಒಂದು ಕಡೆ ಹೋರಿ, ಇನ್ನೊಂದು ಕಡೆ ಕತ್ತೆಮರಿ ಕಟ್ಟಿದರೆ ಬಂಡಿ ಎಲ್ಲಿಗೆ ಹೋಗಬೇಕು? ನೇರ ಗಟಾರಕ್ಕೆ!

ಎಂಬತ್ತೈದನ್ನು ಎತ್ತಿಕೊಂಡೆ. ಶಾಸ್ತ್ರೋಕ್ತವಾಗಿ ಪರೀಕ್ಷೆ ಶುರುಮಾಡಿದೆ. ಹಿಂಭಾಗದ ಲೋಹದ ಹಲ್ಲು ಎಣಿಸಿದೆ. ಗಾಜಿನ ಕಣ್ಣಿಗೆ ಕಣ್ಣಿಟ್ಟು ಪೊರೆ ಬಂದಿದೆಯೋ ನೋಡಿದೆ. ಉಂಗುರ ತಿರುವಿ ಕೀಲು ಗಟ್ಟಿ ಇದೆಯೋ ನೋಡಿದೆ. ಕೊನೆಗೆ ಅಂಗೈಯಿಂದ ಎರಡು ಸಲ ತಟ್ಟಿದೆ.

"ತಟ್ಟಬ್ಯಾಡ್ರಿ ಅಜ್ಜಾರ" ಎಂದಳು ರೇಣು, ಮೆಲ್ಲಗೆ.

"ಅಂಜಂಗಿಲ್ಲ ಇದು. ಜಾತಿವಂತ ಐತಿ. ಇದರ ಜೋಡಿ ತಗಿಯವಾ."

"ಜೋಡಿ ಅಂದ್ರ?"

"ಇಂಥಾದ್ದ ಇನ್ನೊಂದು. ಇದ ಬಣ್ಣ, ಇದ ಎತ್ತರ, ಇದ ನಂಬರು."

ರೇಣು ನನ್ನ ಮುಖ ನೋಡಿದಳು. ನಗುವ ಹುಡುಗಿಯಲ್ಲ; ಗಿರಾಕಿಗೆ ಮರ್ಯಾದೆ ಕೊಡುವವಳು. "ಎರಡೂ ಒಂದ ಕೆಲಸ ಮಾಡ್ತಾವಲ್ರಿ ಅಜ್ಜಾರ."

"ಮತ್ತ ಜೋಡೆತ್ತು ಏನ್ ಮಾಡ್ತಾವ? ಒಂದು ರಂಟಿ ಹೊಡದು ಇನ್ನೊಂದು ಲೆಕ್ಕ ಬರೀತೈತೇನು?"

"ಕ್ಯಾಮೆರಾಕ್ಕ ಇರೂದು ಒಂದ ಬಾಯಿ ಅಜ್ಜಾರ. ಒಮ್ಮೆಗೆ ಒಂದ ಹತ್ತತೈತಿ."

"ಹತ್ತಲಿ. ಒಂದು ದಣದಾಗ ಇನ್ನೊಂದು ಕಟ್ಟಿದ್ರಾತು."

"ಮನಿಯೊಳಗ ಮೂರ ಮಂದಿನ್ನ ಕುಂಡ್ರಿಸಿ ತಗೀಬೇಕಂದ್ರ ಇದರಾಗ ಹಿಡಿಯಂಗಿಲ್ಲರಿ. ಹಿಂದಕ್ಕ ಹಿಂದಕ್ಕ ಸರೀಬೇಕಾಗತೈತಿ."

"ಸರೀತೇನಿ" ಎಂದೆ. ಆ ಒಂದು ಶಬ್ದವನ್ನು ನಾನು ಎಷ್ಟು ಸಲೀಸಾಗಿ ಆಡಿದೆನೆಂದು ನೆನೆದರೆ ಈಗಲೂ ನನ್ನ ಸೊಂಟ ಚುಳ್ಳೆನ್ನುತ್ತದೆ.

ರೇಣುವಿನ ಹತ್ತಿರ ಅಂಥದ್ದು ಒಂದೇ ಇತ್ತು. ಅದನ್ನು ಕೊಂಡೆ. ಜೋಡಿ ಹುಡುಕಿಕೊಂಡು ಮರುದಿನ ಸವದತ್ತಿಯ ಬಸ್ಸು ಹತ್ತಿದೆ. ರೊಟ್ಟಿಯ ಬುತ್ತಿಚೀಲದಲ್ಲಿ ಮೇಲೆ ರೊಟ್ಟಿ, ನಡುವೆ ಶೇಂಗಾ ಚಟ್ನಿ, ಕೆಳಗೆ ಧೋತರದ ತುಂಡಿನಲ್ಲಿ ಸುತ್ತಿದ ಎಂಬತ್ತೈದು. ಅಲ್ಲಿಯ ಅಂಗಡಿಯವನು ಇನ್ನೂ ಹೊಸದು, ಇನ್ನೂ ಚೆಂದದ್ದು ಎಂದು ಏನೇನೋ ತೋರಿಸಿದ. ನಾನು ನನ್ನದನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ನಿಲ್ಲಿಸಿ, "ಇದರ ಪಕ್ಕಕ್ಕ ನಿಲ್ಲೂದು ಇದ್ರ ತೋರಸು" ಎಂದೆ. ಐದನೆಯದು ಕೂಡಿತು. ಮಂಡಿ ಊರಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದೆ. ಹೆಗಲಿಗೆ ಹೆಗಲು ಸಮ. ನಮ್ಮಪ್ಪ ಇದ್ದಿದ್ದರೆ ಕಣ್ಣೀರು ಹಾಕುತ್ತಿದ್ದರು.

ಇನ್ನು ವ್ಯಾಪಾರ. ನಮ್ಮಲ್ಲಿ ಎತ್ತಿನ ವ್ಯಾಪಾರವನ್ನು ನಾಲ್ಕು ಮಂದಿ ಕೇಳುವ ಹಾಗೆ ಬಾಯಿಂದ ಆಡುವುದಿಲ್ಲ. ಕೈಮೇಲೆ ವಸ್ತ್ರ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಮಾತು ಮುಗಿಸುತ್ತೇವೆ. ಹೆಗಲ ಮೇಲಿನ ಟವೆಲ್ಲನ್ನು ಬಲಗೈಮೇಲೆ ಹೊದಿಸಿ, ಅಂಗಡಿಯವನ ಮುಂದೆ ಗಂಭೀರವಾಗಿ ಚಾಚಿದೆ. ಅವನು ಟವೆಲ್ಲು ನೋಡಿದ, ನನ್ನನ್ನು ನೋಡಿದ.

"ಕೈಗೆ ಏನ್ ಆಗೇದ್ರಿ ಯಜಮಾನ್ರ, ಸುಟ್ಟೈತೇನು?" ಎಂದು ಕುರ್ಚಿ ತಂದು ಹಾಕಿ ನೀರು ಕೊಟ್ಟ.

ಕೊಟ್ಟ ನೀರು ಕುಡಿದು, ಹೇಳಿದ ದರಕ್ಕೇ ತಂದೆ.

ಹೊಸ ಎತ್ತು ಮನೆಗೆ ಬಂದರೆ ಕಾಲಿಗೆ ನೀರು ಹಾಕಿ ಬೆಳಗುವುದು ನಮ್ಮ ಮನೆಯ ಪದ್ಧತಿ. ಬಾಗಿಲ ಹೊರಗೇ ನಿಂತು, ಎರಡೂ ಅಂಗೈಯಲ್ಲಿ ಒಂದೊಂದು ಲೆನ್ಸು ಹಿಡಿದು ಗುರುಬಸವ್ವನನ್ನು ಕೂಗಿದೆ. ಅವಳು ತಂಬಿಗೆ ಹಿಡಿದು ಬಂದಳು. ಐವತ್ತು ವರ್ಷ ನನ್ನೊಡನೆ ಸಂಸಾರ ಮಾಡಿದವಳು. ಯಾವುದಕ್ಕೂ ಗಾಬರಿಯಾಗುವ ಹಂತವನ್ನು ಎಂದೋ ದಾಟಿದ್ದಾಳೆ.

"ಕಾಲು ಎಲ್ಲಿ ಅದಾವರಿ ಇವಕ್ಕ? ನೀರು ಎಲ್ಲಿಗೆ ಹಾಕ್ಲಿ?"

"ನೀರು ಬ್ಯಾಡ ಬ್ಯಾಡ. ಬರೀ ದೀಪ ಬೆಳಗು."

ಬೆಳಗಿದಳು. ಬೆಳಗುತ್ತ ಸೂಕ್ಷ್ಮವಾಗಿ ನೋಡಿದಳು. "ಎರಡೂ ಒಂದ ನಮೂನಿ ಅದಾವಲ್ರಿ?"

"ಅದ ಇದರ ಮಹಿಮಾ."

"ಒಂದ ನಮೂನಿ ಎರಡ ಸೀರಿ ತಂದಿದ್ರ ಒಂದನ್ನ ನಮ್ಮ ತಂಗಿಗೆ ಕೊಡ್ತಿದ್ದೆ. ಇದನ್ನ ಯಾರಿಗೆ ಕೊಡ್ಲಿ?" ಎಂದು ಒಳಗೆ ಹೋದಳು.

ಮುಂದಿನ ಎಂಟು ದಿನ ಅಭ್ಯಾಸ. ಬೆಳಿಗ್ಗೆ ಒಂದು ಕಟ್ಟುವುದು, ಮಧ್ಯಾಹ್ನ ಅದನ್ನು ಬಿಚ್ಚಿ ನೆರಳಿಗಿಟ್ಟು ಇನ್ನೊಂದು ಕಟ್ಟುವುದು. ಮಾಳಿಗೆ ಹತ್ತಿ ದೂರದ ನೀರಿನ ಟಾಕಿಯ ಮೇಲೆ ಕೂತ ಕಾಗೆಯ ಫೋಟೊ ತೆಗೆದೆ. ಅದರ ಮೂಗಿನ ಕೂದಲು ಎಣಿಸಬಹುದಿತ್ತು. ಹುರುಪಿನಿಂದ ಕೆಳಗಿಳಿದು, ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಗುರುಬಸವ್ವನಿಗೆ ನಗು ಎಂದು ಹೇಳಿ ಒಂದು ತೆಗೆದು ತೋರಿಸಿದೆ. ಅವಳು ಹಿಟ್ಟಿನ ಕೈಯನ್ನು ಹಿಂದಕ್ಕಿಟ್ಟುಕೊಂಡು ಬಗ್ಗಿ ನೋಡಿದಳು.

"ಇದು ನನ್ನ ಮೂಗುತಿ."

"ಹೌದು. ಹರಳು ಹೆಂಗ ಹೊಳ್ಯಾಕತ್ತೈತಿ ನೋಡು."

"ಉಳದ ನಾ ಎಲ್ಲಿ ಹೋದೆ?"

"ಇದು ಕಲಾ. ಇದರಾಗ ಎಲ್ಲಾ ತೋರಸಬಾರದು."

"ಮೂಗುತಿಯ ಫೋಟೊ ಬೇಕಾದ್ರ ಮೂಗುತಿ ಬಿಚ್ಚಿ ಕೊಡತಿದ್ದೆನಲ್ರಿ, ನನಗ್ಯಾಕ ನಗು ಅಂದ್ರಿ?"

ಇಷ್ಟರಲ್ಲಿ ಮೊಮ್ಮಗಳ ಕುಬಸ ಬಂತು. ಮಾಲಾಳ ಮಗಳು ಉಮಾಶ್ರೀ ಚೊಚ್ಚಲ ಬಸುರಿ. ಅವಳಿಗೆ ಹಸಿರು ಬಳೆ ತೊಡಿಸಿ, ಕುಬಸ ಮಾಡಿ, ಉಡಿ ತುಂಬುವ ಕಾರ್ಯ ತನ್ನ ಮನೆಯಲ್ಲೇ ಆಗಬೇಕೆಂದು ಗುರುಬಸವ್ವ ಹಠ ಹಿಡಿದಿದ್ದಳು. ಹಠದ ಹಿಂದೆ ಇನ್ನೊಂದು ಕಾರಣವಿತ್ತು. ಅದನ್ನು ಆ ದಿನ ಮುಂಜಾನೆ, ನಾನು ಲೆನ್ಸಿನ ಗಾಜು ಒರೆಸುತ್ತ ಕೂತಾಗ, ಎದುರಿಗೆ ಬಂದು ಕುಳಿತು ಹೇಳಿದಳು.

ಅವಳಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕ ಬಾಯವ್ವ ನೇಸರಗಿಯಲ್ಲಿ; ವಯಸ್ಸು ಎಂಬತ್ತಕ್ಕೆ ಒಂದು ಕಡಿಮೆ. ತಂಗಿ ಅನ್ನಪೂರ್ಣಾ ರಾಮದುರ್ಗದಲ್ಲಿ. ಅವರವ್ವ ತೀರಿಕೊಂಡಾಗ ಮನೆಯಲ್ಲಿದ್ದ ಶಾವಿಗೆ ಹೊಸೆಯುವ ಮಣೆಯನ್ನು ಬಾಯವ್ವ ಒಯ್ದಳು. ಅವ್ವ ಅದನ್ನು ತನಗೆ ಕೊಡುತ್ತೇನೆಂದಿದ್ದಳು ಎಂದು ಅನ್ನಪೂರ್ಣಾ. ಅಷ್ಟೇ. ಒಂದು ಮರದ ಮಣೆ. ಹನ್ನೊಂದು ವರ್ಷ ಆಯಿತು, ಅಕ್ಕ ಬರುವ ಮನೆಗೆ ತಂಗಿ ಬರುವುದಿಲ್ಲ, ತಂಗಿ ಬಂದ ಮದುವೆಯಲ್ಲಿ ಅಕ್ಕ ಉಣ್ಣುವುದಿಲ್ಲ. ನಡುವಿನವಳು ಗುರುಬಸವ್ವ ಈ ಹನ್ನೊಂದು ವರ್ಷ ನೇಸರಗಿಗೂ ರಾಮದುರ್ಗಕ್ಕೂ ಬೇರೆ ಬೇರೆ ಬುತ್ತಿ ಕಟ್ಟಿದ್ದಾಳೆ.

"ಇವತ್ತ ಇಬ್ಬರೂ ಬರಾಕತ್ತಾರ" ಎಂದಳು. "ಹೆಂಗ ಒಪ್ಪಿಸಿದೆ ಅಂತ ಕೇಳಬ್ಯಾಡ್ರಿ. ಅಕ್ಕಗ ಮೊಣಕಾಲಾಗ ಶಕ್ತಿ ಇಲ್ಲ, ಮತ್ತ ಯಾವಾಗ ಬರ್ತಾಳೋ, ಬರ್ತಾಳೋ ಇಲ್ಲೋ. ಮೂರೂ ಮಂದಿ ಕೂಡೆ ಕುಂತದ್ದು ನನಗ ಒಂದ ಫೋಟೊ ಬೇಕು. ಹೆಚ್ಚಿಗಿ ಬ್ಯಾಡ, ಒಂದ. ಅಕ್ಕ ಮೂರೂವರಿ ಬಸ್ಸಿಗೆ ಹೊಂಡತಾಳ. ರೇಣುನ್ನ ಕರಸ್ರಿ."

"ಮನ್ಯಾಗ ನಾ ಇರೂತನಕ ಹೊರಗಿನವ್ರು ಯಾಕ? ಅದೂ ಜೋಡಿ ಕಟಗೊಂಡು ಕುಂತೇನಿ."

ಅವಳು ಜಗಳ ಮಾಡಲಿಲ್ಲ. ಎದ್ದು ಒಳಗೆ ಹೋದಳು. ಗುರುಬಸವ್ವ ಜಗಳ ಮಾಡದೆ ಎದ್ದು ಹೋದಾಗ ನಾನು ಹುಷಾರಾಗಬೇಕಿತ್ತು.

ಕಾರ್ಯ ಚೆನ್ನಾಗಿ ಆಯಿತು. ಹೋಳಿಗೆ ಊಟ ಮುಗಿಯುವಾಗ ಎರಡೂಕಾಲು. ಬಾಯವ್ವ ಪಡಸಾಲೆಯ ಹಿಂದಿನ ಗೋಡೆಗೆ ಒರಗಿ ಕಂಬಳಿಯ ಮೇಲೆ ಕುಳಿತು, "ನಾ ಒಮ್ಮೆ ಕುಂತ್ರ ಏಳೂದು ಬಸ್ಸಿಗೆ. ಏನ್ ಮಾಡ್ತೀರಿ ಈಗ ಮಾಡ್ರಿ" ಎಂದು ಅಪ್ಪಣೆ ಕೊಟ್ಟಳು. ಅನ್ನಪೂರ್ಣಾ ಆ ತುದಿಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಇಬ್ಬರ ನಡುವೆ ಗಡಿಕಲ್ಲಿನ ಹಾಗೆ ಗುರುಬಸವ್ವ.

ನಾನು ಮೊದಲನೆಯ ಎಂಬತ್ತೈದು ಕಟ್ಟಿ, ಪಡಸಾಲೆಯ ಈ ಗೋಡೆಗೆ ಬೆನ್ನು ಹಚ್ಚಿ, ಕಣ್ಣಿಟ್ಟೆ. ಒಂದು ದೊಡ್ಡ ಕಿವಿ ಕಂಡಿತು.

"ಕಾಣಸಾಕತ್ತೇವೇನ್ರಿ?" ಎಂದಳು ಗುರುಬಸವ್ವ.

"ಅಕ್ಕಾರ ಕಿವಿ ಭಾಳ ಚೊಲೊ ಕಾಣಸಾಕತ್ತೈತಿ."

"ನನ್ನ ಕಿವಿ ತಗಸಾಕ ನೇಸರಗಿಯಿಂದ ಬಂದೇನೇನ್ರಿ ವೀರಪ್ಪನವರ?" ಎಂದಳು ಬಾಯವ್ವ.

"ತಡೀರಿ ಅಕ್ಕಾರ, ಇದು ದಣದೈತಿ." ಮೊದಲನೆಯದನ್ನು ಬಿಚ್ಚಿ ಎರಡನೆಯದನ್ನು ಕಟ್ಟಿದೆ. ಕಣ್ಣಿಟ್ಟೆ. ಅದೇ ಕಿವಿ. ಅದೇ ಬುಗುಡಿ. ಜೋಡಿಯೆಂದರೆ ಹೀಗಿರಬೇಕು, ಒಂದು ತುಳಿದ ಹೆಜ್ಜೆಯಲ್ಲೇ ಇನ್ನೊಂದು ತುಳಿಯುತ್ತಿತ್ತು.

"ಅಪ್ಪಾ, ಎರಡೂ ಎಂಬತ್ತೈದ ಅಲ್ಲೇನು?" ಎಂದಳು ಮಾಲಾ, ಬಳೆಗಳ ಬುಟ್ಟಿ ಹಿಡಿದುಕೊಂಡು ನಿಂತವಳು.

"ಅದು ಎಡಗಡೆದು. ಇದು ಬಲಗಡೆದು."

ಮಾಲಾ ತನ್ನ ತಾಯಿಯ ಮುಖ ನೋಡಿ, ಬುಟ್ಟಿಯನ್ನು ಕೆಳಗಿಟ್ಟಳು.

ಹಿಂದಕ್ಕೆ ಸರಿಯಬೇಕು. ನಮ್ಮ ಪಡಸಾಲೆ ಹನ್ನೆರಡು ಅಡಿ. ಹಿಂದೆ ಗೋಡೆ. ಗೋಡೆಯಲ್ಲಿ ಬಾಗಿಲಿತ್ತು, ಪುಣ್ಯ. ಬಾಗಿಲು ದಾಟಿ ಕಟ್ಟೆಯ ಮೇಲೆ ನಿಂತೆ. ಈಗ ಗುರುಬಸವ್ವ ಪೂರ್ತಿ ಬಂದಳು, ಅಕ್ಕ ಅರ್ಧ, ತಂಗಿ ಬರೀ ಸೀರೆಯ ಸೆರಗು. "ಅಕ್ಕಾರನ್ನ ಓಣಿಗೆ ಕರಕೊಂಡ ಬರ್ರಿ, ಬೆಳಕಿನ್ಯಾಗ ಕುಂಡ್ರಸೋಣು" ಎಂದು ಕೂಗಿದೆ.

"ಓಣ್ಯಾಗ ಕುಂಡ್ರಾಕ ನಾ ಏನ್ ಸಂತಿಗೆ ಹಚ್ಚಿದ ಬದನೀಕಾಯೇನ?" ಎಂದಳು ಬಾಯವ್ವ.

"ಬದನೀಕಾಯಿ ಎಲ್ಲೈತಿ, ಕುಂಬಳಕಾಯಿ ಐತಿ" ಎಂದಳು ಅನ್ನಪೂರ್ಣಾ, ಗೋಡೆಗೆ.

ಹನ್ನೊಂದು ವರ್ಷಗಳಲ್ಲಿ ತಂಗಿ ಅಕ್ಕನ ಬಗ್ಗೆ ಅಕ್ಕನ ಎದುರಿಗೆ ಆಡಿದ ಮೊದಲ ಮಾತು ಅದು. ಗುರುಬಸವ್ವ ಕಣ್ಣು ಮುಚ್ಚಿಕೊಂಡಳು.

"ಯಾರ ಕುಂಬಳಕಾಯಿ?" ಎಂದಳು ಬಾಯವ್ವ, ನಿಧಾನಕ್ಕೆ.

ಆಮೇಲೇನಾಯಿತೋ ನನಗೆ ಕೇಳಿಸಲಿಲ್ಲ. ನಾನು ಆಗಲೇ ಮೂರು ಮೆಟ್ಟಿಲು ಇಳಿದು ಓಣಿಯಲ್ಲಿದ್ದೆ. ಲೆನ್ಸಿನಲ್ಲಿ ಮೂರು ಬಾಯಿಗಳು ಆಡುವುದು ಕಾಣುತ್ತಿತ್ತು. ಅಕ್ಕನ ಕೈ ಗಾಳಿಯಲ್ಲಿ ಶಾವಿಗೆ ಮಣೆಯ ಉದ್ದ ತೋರಿಸುತ್ತಿತ್ತು. ತಂಗಿಯ ಕೈ ಅದಕ್ಕಿಂತ ಉದ್ದ ತೋರಿಸುತ್ತಿತ್ತು. ಅಕ್ಕ ಗೋಡೆ ಹಿಡಿದು ಏಳಲು ನೋಡಿದಳು. ಎದ್ದಳೆಂದರೆ ಬಸ್ಸಿಗೆ, ಬಸ್ಸು ಹತ್ತಿದಳೆಂದರೆ ಈ ಜನ್ಮದಲ್ಲಿ ಇವರು ಮೂವರೂ ಒಂದು ಕಂಬಳಿಯ ಮೇಲೆ ಕೂಡುವುದಿಲ್ಲ. ಗುರುಬಸವ್ವ ಅಕ್ಕನ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದಳು. ನನ್ನ ಕಡೆ ನೋಡಿದಳು. ಅಷ್ಟು ದೂರದಿಂದಲೂ ಆ ನೋಟ ಎಂಬತ್ತೈದರಲ್ಲಿ ಕಣ್ಣೆದುರಿಗೇ ಬಂದು ನಿಂತಿತು.

ಒತ್ತಿದೆ. ಒಂದಲ್ಲ, ಹದಿನಾಲ್ಕು.

ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರಿನವ ಹಾರ್ನು ಬಾರಿಸುತ್ತಿದ್ದ. "ಕಾಕಾರ, ದಾರಿ ಬಿಡ್ರಿ. ಅಲ್ಲೇನ್ ಹುಲಿ ಬಂದೈತೇನು?"

"ಹುಲಿ ಅಲ್ಲೋ, ಅಕ್ಕತಂಗ್ಯಾರು. ಎರಡ ನಿಮಿಷ."

ಮಾಲಾ ಓಡಿ ಬಂದು ಕ್ಯಾಮೆರಾದ ಪರದೆ ನೋಡಿದಳು. "ತೋರಣ ಭಾಳ ಚಂದ ಬಂದೈತಿ ಅಪ್ಪಾ. ಒಂದೊಂದ ಮಾವಿನ ಎಲಿ ಒಳಗಿನ ನರ ಕಾಣತಾವ. ದೊಡ್ಡವ್ವಾರು ಎಲ್ಲಿ ಅದಾರ?"

"ಅದರ ಹಿಂದ."

"ಹಿಂದ ಮೂರು ಕರಗಿದ ಬೆಣ್ಣಿ ಮುದ್ದಿ ಅದಾವ."

ಹದಿನಾಲ್ಕರಲ್ಲೂ ಬೆಣ್ಣೆ. ಬಾಗಿಲಿಗೆ ಕಟ್ಟಿದ ತೋರಣವೇ ಹತ್ತಿರ ಸಿಕ್ಕಿತೆಂದು ಲೆನ್ಸು ಅದನ್ನೇ ಹಿಡಿದುಕೊಂಡು ಕುಳಿತಿತ್ತು. ಮಾಲಾ ತೋರಣ ಹರಿದಳು. ಮೂರಕ್ಕೆ ಐದು ನಿಮಿಷ. ಮತ್ತೆ ಕಣ್ಣಿಟ್ಟೆ. ಎಲ್ಲ ಸರಿ, ಅನ್ನಪೂರ್ಣಾಳ ಒಂದು ಭುಜ ಮಾತ್ರ ಹೊರಗೆ. ಇನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರೆ ಸಾಕು.

"ಕ್ಯಾಮೆರಾ ನನ್ನ ಕೈಯಾಗ ಕೊಡ್ರಿ ಅಪ್ಪಾ."

"ನೀ ಆ ಕಡೆ ಸರಿ."

ಗಟಾರ ದಾಟಿದೆ, ಹಿಮ್ಮುಖವಾಗಿಯೇ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ. ಅದನ್ನು ನೋಡಿ ಟ್ರ್ಯಾಕ್ಟರಿನವ ಹಾರ್ನು ನಿಲ್ಲಿಸಿದ. ಎದುರಿನ ಮನೆ ಕಾಡಪ್ಪನದು. ಹಳೆಯ ಕಾಲದ ಮನೆ. ಬಾಗಿಲು ದಾಟಿದ ಕೂಡಲೇ ಒಂದು ಕಡೆ ಎಮ್ಮೆ ಕಟ್ಟಿದ್ದಾನೆ, ಇನ್ನೊಂದು ಕಡೆ ತಾನು ಕೂಡುತ್ತಾನೆ. ಅವನ ಬಾಗಿಲು ತೆರೆದಿತ್ತು.

"ಬರ್ರಿ ವೀರಪ್ಪಣ್ಣಾರ. ಯಾಕ್ರಿ, ಬೆನ್ನು ಮುಂದ ಮಾಡಿ ಬರಾಕತ್ತೀರಿ?"

"ಮಾತಾಡಸಬ್ಯಾಡ."

"ಇಲ್ಲರಿ, ಹಿಂದ ಗ್ವಾದಲಿ ಐತಿ."

"ಗೊತ್ತೈತಿ" ಎಂದೆ. ಗೊತ್ತಿರಲಿಲ್ಲ. ನಾನು ನೋಡುತ್ತಿದ್ದುದು ಮುಂದೆ. ಅಲ್ಲಿ ಅನ್ನಪೂರ್ಣಾಳ ಭುಜ ಗೆರೆಯಷ್ಟು, ಎರಡು ಗೆರೆಯಷ್ಟು ಒಳಗೆ ಬರುತ್ತಿತ್ತು. ಇನ್ನೊಂದೇ ಹೆಜ್ಜೆ. ಆ ಹೆಜ್ಜೆಗೆ ಮೇವಿನ ಗೋದಲಿಯ ಅಂಚು ಮೊಣಕಾಲಿನ ಹಿಂದೆ ತಗುಲಿತು. ನಾನು ಕ್ಯಾಮೆರಾವನ್ನು ಎತ್ತಿ ಹಿಡಿದುಕೊಂಡೇ, ಸಿಂಹಾಸನದಲ್ಲಿ ಕೂಡುವವರ ಹಾಗೆ, ಅದರೊಳಗೆ ಕುಳಿತೆ. ಕುಳಿತೆ ಎನ್ನುವುದಕ್ಕಿಂತ ಸೇರಿಕೊಂಡೆ. ಮೊಣಕಾಲುಗಳು ಗದ್ದಕ್ಕೆ ಬಂದವು. ಕೆಳಗೆ ಹಸಿ ಹಿಂಡಿ ಇತ್ತು. ತಾನು ಉಣ್ಣುತ್ತಿದ್ದ ತಾಟಿನಲ್ಲಿ ನಾನು ಬಂದೆನೆಂದು ಎಮ್ಮೆ ಒಂದು ಸಲ ಉಸಿರು ಬಿಟ್ಟು, ಆಮೇಲೆ ನನ್ನ ಕಿವಿಯ ಮೇಲಿನ ಹಿಂಡಿ ನೆಕ್ಕಿತು.

ಆದರೆ ನನ್ನ ಕಣ್ಣು ಲೆನ್ಸಿನಿಂದ ಕದಲಿರಲಿಲ್ಲ. ಹೇಳಿದರೆ ನೀವು ನಂಬುವುದಿಲ್ಲ: ಅಲ್ಲಿಂದ ಮೂವರೂ ಹಿಡಿದರು. ಭುಜ, ಕಿವಿ, ಸೆರಗು, ಎಲ್ಲ. ಎರಡೂ ಮನೆಯ ಬಾಗಿಲ ಚೌಕಟ್ಟಿನ ನಡುವೆ, ಬರೆದಿಟ್ಟ ಚಿತ್ರದಂತೆ. ಗೋದಲಿಯಲ್ಲಿ ಸಿಕ್ಕಿಕೊಂಡ ನನ್ನನ್ನು ಮೊದಲು ನೋಡಿದವಳು ಬಾಯವ್ವ. ಜಗಳದ ಮಾತು ಅರ್ಧಕ್ಕೆ ನಿಂತು, ಬಾಯಿ ತೆರೆದು, ನನ್ನ ಕಡೆ ಬೆರಳು ಮಾಡಿದಳು. ಅನ್ನಪೂರ್ಣಾ ತಿರುಗಿ ನೋಡಿದಳು. ಆ ಮೇಲೆ ಬಾಯವ್ವ ನಕ್ಕಳು ನೋಡಿ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ಬೀಳುವವಳು ಆಸರೆಗೆ ಕೈ ಚಾಚಿದರೆ ಸಿಕ್ಕದ್ದು ತಂಗಿಯ ಕೈ. ತಂಗಿ ಅದನ್ನು ಬಿಡಲಿಲ್ಲ. ನಡುವೆ ಗುರುಬಸವ್ವ, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಇಬ್ಬರ ಕೈಮೇಲೂ ತನ್ನ ಕೈ ಇಟ್ಟಳು.

ಇದೇ. ಇದೇ ಬೇಕಾಗಿದ್ದದ್ದು. ಉಸಿರು ಬಿಗಿಹಿಡಿದು ಒತ್ತಿದೆ.

ಒತ್ತುವ ಆ ಕ್ಷಣಕ್ಕೆ ಸರಿಯಾಗಿ ಒಂದು ಬೆನ್ನು ಬಂದು ಇಡೀ ಲೆನ್ಸು ತುಂಬಿತು. ಹಸಿರು ಚೂಡಿದಾರದ ಬೆನ್ನು. ಹೊಲಿಗೆಯ ಒಂದೊಂದು ಎಳೆ ಲಕಲಕ ಹೊಳೆಯುವಷ್ಟು ಸ್ವಚ್ಛ. ಆ ಜೋಡಿ ಲೆನ್ಸಿನಲ್ಲಿ ನಾನು ತೆಗೆದ ಫೋಟೊಗಳಲ್ಲೆಲ್ಲ ಅತಿ ಉತ್ತಮವಾದದ್ದು ಅದೇ.

ಬೆನ್ನು ರೇಣುವಿನದು. ಗುರುಬಸವ್ವ ಮುಂಜಾನೆಯೇ ಫೋನು ಮಾಡಿದ್ದಳಂತೆ. ಹುಡುಗಿ ಹನ್ನೆರಡಕ್ಕೇ ಬಂದು, ನನ್ನ ಮರ್ಯಾದೆ ಹೋಗಬಾರದೆಂದು ಅಡಿಗೆಮನೆಯಲ್ಲಿ ಹೋಳಿಗೆ ತಿನ್ನುತ್ತ ಕುಳಿತಿದ್ದಳು. ನಗು ಕೇಳಿ ಹೊರಗೆ ಬಂದವಳು, ಪಡಸಾಲೆಯಲ್ಲಿ ಮೂರು ಹೆಜ್ಜೆ ದೂರ ನಿಂತು, ಆ ತಂಬಾಕಿನ ಡಬ್ಬಿಯಂಥ ಹದಿನಾರರಿಂದ ಒಂದೇ ಸಲ ಒತ್ತಿದಳು.

ಮೂರು ಗಂಟೆ ಹತ್ತು ನಿಮಿಷಕ್ಕೆ ಎಲ್ಲರೂ ಹೊರಬಿದ್ದರು. ಬಾಯವ್ವನ ಒಂದು ಕೈ ಅನ್ನಪೂರ್ಣಾಳ ಹೆಗಲ ಮೇಲಿತ್ತು. ಕಾಡಪ್ಪನ ಬಾಗಿಲ ಮುಂದೆ ನಿಂತು ಉಸಿರು ತೆಗೆದುಕೊಳ್ಳುವಾಗ ತಂಗಿಗೆ ಹೇಳುವುದು ಕೇಳಿಸಿತು: "ಬ್ಯಾಸಗಿಗೆ ಬಾ ನೇಸರಗಿಗೆ. ಮಣಿ ಅಲ್ಲೇ ಇರಲಿ, ನೀ ಹೊಸಿ, ನಾ ಕುಂತು ಒಣಗಿಸತೇನಿ."

"ಹೊಸಿಯಾಕ ನಾ, ತಿನ್ನಾಕ ನೀ" ಎಂದಳು ಅನ್ನಪೂರ್ಣಾ. ಇಬ್ಬರೂ ಮತ್ತೆ ನಕ್ಕರು. ಈ ಸಲ ನನ್ನನ್ನು ನೋಡಿ ಅಲ್ಲ. ಆಮೇಲೆ ನನ್ನನ್ನು ನೋಡಿಯೂ ನಕ್ಕರು.

ರೇಣು ತನ್ನ ಕ್ಯಾಮೆರಾದ ಪರದೆಯನ್ನು ಗೋದಲಿಯ ಅಂಚಿಗೆ ಹಿಡಿದು ತೋರಿಸಿದಳು. ಮೂವರೂ ಇದ್ದರು. ಇಡೀ ಪಡಸಾಲೆ ಇತ್ತು, ಕಂಬಳಿಯ ನಾಲ್ಕೂ ಮೂಲೆ ಇದ್ದವು. ನಾನು ತುಂಬ ಹೊತ್ತು ನೋಡಿದೆ. ದೋಷ ಹುಡುಕಿದೆ, ಸಿಗಲಿಲ್ಲ.

"ಬಂತ್ರಿ ಫೋಟೊ" ಎಂದಳು ಗುರುಬಸವ್ವ. ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು. ಬಯ್ಯುತ್ತಾಳೆಂದು ಕಾದೆ, ಬಯ್ಯಲಿಲ್ಲ. ಬಗ್ಗಿ ನನ್ನ ಮೀಸೆಗೆ ಹತ್ತಿದ ಹಿಂಡಿಯನ್ನು ಬೆರಳಿನಿಂದ ತೆಗೆದಳು. "ಕೈ ಕೊಡ್ರಿ, ಏಳ್ರಿ ಇನ್ನ."

ಆ ಕಡೆಯಿಂದ ಕಾಡಪ್ಪ ರಟ್ಟೆಗೆ ಕೈ ಹಾಕಲು ಬಂದ. ಈ ಕಡೆಯಿಂದ ರೇಣು ಕೈ ಚಾಚಿದಳು. ಮಾಲಾ ಬೆನ್ನ ಹಿಂದಕ್ಕೆ ಹೋದಳು. ಟ್ರ್ಯಾಕ್ಟರಿನವನೂ ಇಳಿದು ಬಂದು, ಹಗ್ಗ ಬೇಕೇನೆಂದು ಕೇಳಿದ.

"ಯಾರೂ ಕೈ ಹಚ್ಚಬ್ಯಾಡ್ರಿ" ಎಂದೆ. "ನಾ ಏನ್ ಬಿದ್ದಿಲ್ಲ. ಇಲ್ಲಿ ಬೆಳಕು ಚೊಲೊ ಐತಂತ ಕುಂತೇನಿ. ಮೊದಲ ಅಕ್ಕಾರನ್ನ ಬಸ್ಸಿಗೆ ಮುಟ್ಟಿಸಿ ಬರ್ರಿ, ಹೋಗ್ರಿ. ಏಳೂ ಹೊತ್ತಿಗೆ ನಾನ ಏಳತೇನಿ."